ತಗಡಿನ ರೈಲು

ಸ್ಟೂಲು ವಾಲಿದ್ದೇ ತಡ, ಹಲ್ಲಿನ ಡಾಕ್ಟರು ಎರಡೂ ಕೈ ಚಾಚಿ ಮುಂದೆ ನುಗ್ಗಿದರು. ಗಾಜಿನ ಕಪಾಟಿನ ಮೇಲಿನ ಅರೆಯಿಂದ ತಗಡಿನ ರೈಲನ್ನು ಇಳಿಸುತ್ತಿದ್ದ ಹೆಂಡತಿ ಧೊಪ್ಪನೆ ನೆಲಕ್ಕೆ ಬಿದ್ದಳು. ಅವಳ ಕೈಯಿಂದ ಜಾರಿದ ರೈಲು ಮಾತ್ರ ಡಾಕ್ಟರ ಕೈ ಸೇರಿತ್ತು.

“ಸದ್ಯ!” ಎಂದರು ಅವರು. ಅಜ್ಜನ ಕಾಲದ ಆ ಬಣ್ಣ ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಕೀಲಿ ಕೊಟ್ಟು ನೋಡಿದರು. ಚಕ್ರಗಳು ಗರಗರ ತಿರುಗಿದವು.

ಆಮೇಲಷ್ಟೇ ಅವರು ತಲೆಯೆತ್ತಿದರು. ಅವರ ಹಳೆಯ ಆಟಿಕೆಗಳ ಫೋಟೋ ತೆಗೆಯಲು ಪತ್ರಿಕೆಯಿಂದ ಬಂದಿದ್ದ ಹುಡುಗಿ ಅವರನ್ನೇ ನೋಡುತ್ತಿದ್ದಳು. ಹೆಂಡತಿ ಮೊಣಕೈ ಒತ್ತಿಕೊಂಡು ಕೂತಿದ್ದಳು. ಆ ಆಟಿಕೆಗಳನ್ನೆಲ್ಲ ಮಗುವಿನ ಮೈ ಒರೆಸುವ ಹಾಗೆ ಒರೆಸಿಡುತ್ತಿದ್ದವಳು ಅವಳೇ.

“ಪೆಟ್ಟಾಯ್ತಾ?” ಡಾಕ್ಟರು ಕೇಳಿದರು.

“ಯಾರನ್ನ ಕೇಳ್ತಿದ್ದೀರಿ? ನನ್ನನ್ನಾ, ರೈಲನ್ನಾ?”

ಡಾಕ್ಟರಿಗೆ ಕಿವಿಯವರೆಗೂ ಬಿಸಿಯೇರಿತು. ಎಬ್ಬಿಸೋಣವೆಂದು ಬಾಗಿದರೆ ಕೈ ಖಾಲಿಯಿರಲಿಲ್ಲ. ರೈಲನ್ನು ಎಲ್ಲಿಡಲಿ ಎಂದು ಅವರು ಅತ್ತಿತ್ತ ನೋಡುತ್ತಿರುವಾಗಲೇ, ಆ ಹುಡುಗಿ ಕ್ಯಾಮೆರಾವನ್ನು ಬರಿನೆಲದ ಮೇಲೆ ಹಾಕಿ ಓಡಿಬಂದು ಅವಳ ಕೈ ಹಿಡಿದಳು.