ಮೂಲೆಯ ಕೈ

"ಅಂಕಲ್, ಈ ಮೂಲೇಲಿ ಯಾರದ್ದೋ ಕೈ ಅಡ್ಡ ಬಂದಿದೆ. ಕತ್ತರಿಸಿಬಿಡ್ಲಾ?" ಗಾನವಿ ಕಂಪ್ಯೂಟರ್ ಪರದೆ ತೋರಿಸಿದಳು.

ಹಳೆಯ ಕಾರ್ಖಾನೆಯೊಂದರ ವಾಲಿಬಾಲ್ ಮೈದಾನದ ಮೇಲೆಯೇ ಎದ್ದುನಿಂತ ಮಾದಾಪುರದ ಈ ಐಟಿ ಕಂಪನಿಗೆ, ಗೋಡೆಗೆ ಹಾಕಲು ಆ ಕಾರ್ಖಾನೆ ತಂಡದ ಹೀರೊ ಈರಣ್ಣನ ಫೋಟೊ ಬೇಕಿತ್ತು. ಅದನ್ನು ತನ್ನ ಮನೆಯಿಂದ ತಂದುಕೊಟ್ಟವನು ಇಲ್ಲಿನ ವಾಚ್‌ಮನ್ ಗುರುಬಸವ. ಈರಣ್ಣನ ಒಂದೊಂದು ಹೊಡೆತಕ್ಕೂ ಅದೇ ತಂಡದಲ್ಲಿ ನೆಟ್ ಬಳಿ ನಿಂತು ಹದಿನಾಲ್ಕು ವರ್ಷ ಚೆಂಡೆತ್ತಿ ಕೊಟ್ಟವನೂ ಅವನೇ. ಆಟದ ಫೋಟೊಗಳಲ್ಲಿ ಅವನು ಕಾಣುವುದು ಇದೊಂದರಲ್ಲೇ, ಅದೂ ಬರೀ ಕೈ.

ಪರದೆಯಲ್ಲಿದ್ದ ಕಿರುಬೆರಳು ಸೊಟ್ಟಗಿತ್ತು. ಗುರುಬಸವ ತನ್ನ ಸೊಟ್ಟ ಕಿರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಅದು..." ಎಂದು ತಡೆದ. "ಯಾರದೋ ಏನೋರಿ ಮೇಡಮ್. ತಗದಬಿಡ್ರಿ."

ಗಾನವಿ ಮೌಸ್ ಒತ್ತಿದಳು. ಚೆಂಡು ಹೊಡೆಯಲು ಜಿಗಿದಿದ್ದ ಈರಣ್ಣ ಗಾಳಿಯಲ್ಲಿ ಹಾಗೆಯೇ ಇದ್ದ. ಚೆಂಡು ಮಾತ್ರ ಈಗ ತಾನಾಗಿಯೇ ಅವನ ಬಳಿ ಬಂದಂತಿತ್ತು.