ಬ್ರೊಮೊ ಬೆಟ್ಟಕ್ಕೆ ಒಂದು ಹುಂಜ

ಹುಂಜವನ್ನು ಎಸೆಯಲೆಂದು ತರ್ಸೆಮಿ ಎರಡೂ ಕೈ ಮೇಲೆತ್ತಿದಾಗ, ಕೆಳಗೆ ಹೊಗೆಯಾಡುವ ಬ್ರೊಮೊ ಬೆಂಕಿಬೆಟ್ಟದ ಬಾಯೊಳಗೆ ಬಲೆ ಹಿಡಿದು ನಿಂತವರ ಸಾಲಿನಲ್ಲಿ ಅವಳ ಗಂಡ ಪೊನಿಮಾನನೇ ಕಂಡ. ಗುರುತು ಸಿಗಬಾರದೆಂದು ಮೂಗಿನವರೆಗೆ ಪಂಚೆ ಸುತ್ತಿಕೊಂಡಿದ್ದ. ಆದರೆ ಹನ್ನೆರಡು ವರ್ಷ ಸಂಸಾರ ಮಾಡಿದವಳಿಗೆ ಆ ಡೊಂಕು ಕಾಲುಗಳೇ ಸಾಕಾಗಿದ್ದವು.

"ಏ ಕೂಸಿನಪ್ಪಾ! ಜ್ವರ ಅಂತ ಮನೇಲಿ ಮುಸುಕು ಹಾಕಿ ಮಲಗಿದ್ದೋನು ಅಲ್ಲೇನು ಮಾಡ್ತಿದ್ದೀಯ?"

"ಬೆಟ್ಟದ ಗಾಳಿಗೆ ಜ್ವರ ಬಿಟ್ಟೋಯ್ತು ಕಣೆ! ನೀನು ಎಸಿ, ಎಸಿ. ಒಂಚೂರು ಎಡಕ್ಕೆ!"

ಕಸಾದ ಹಬ್ಬದ ದಿನ ನಮ್ಮ ತೆಂಗೆರ್ ಜನ ಆಲೂಗೆಡ್ಡೆ, ಕೋಸು, ಕೋಳಿ ಎಂದು ಯಾವ ಯಾವ ಹರಕೆ ಹೊತ್ತಿದ್ದೇವೋ ಎಲ್ಲವನ್ನೂ ಬೆಟ್ಟದ ಬಾಯಿಗೆ ಎಸೆಯುತ್ತೇವೆ. ಒಳಗಿನ ಇಳಿಜಾರಿನಲ್ಲಿ ನಿಂತವರು ಬಲೆಯೊಡ್ಡಿ ಅದನ್ನು ಹಿಡಿಯುತ್ತಾರೆ. ಅದೇನೂ ಕಳ್ಳತನವಲ್ಲ. ಕೈಬಿಟ್ಟ ಮೇಲೆ ಅದು ಬೆಟ್ಟದ ಸೊತ್ತು, ಬೆಟ್ಟ ಯಾರಿಗೆ ಕೊಟ್ಟರೆ ಅವರದ್ದು. ಆದರೆ ಹರಕೆ ಹೊತ್ತ ಮನೆಯ ಯಜಮಾನನೇ ಬಲೆ ಹಿಡಿದು ನಿಂತದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಮೇಲಿದ್ದವರು ತಮ್ಮ ಹರಕೆ ಮರೆತು ಇವರಿಬ್ಬರ ಜಗಳ ನೋಡತೊಡಗಿದರು.

ಹರಕೆ ಹೊತ್ತವಳು ತರ್ಸೆಮಿ, ಹುಂಜ ಪೊನಿಮಾನನದು. ಇದೇ ತಕರಾರು. ಹನ್ನೊಂದು ವರ್ಷ ಮಕ್ಕಳಿಲ್ಲದೆ ಕೊರಗಿದವಳು, "ಒಂದು ಕೂಸು ಕೊಡು, ನಮ್ಮನೇಲಿ ಬಲು ಪ್ರೀತೀದು ಯಾವುದಿದೆಯೋ ಅದನ್ನ ಒಪ್ಪಿಸ್ತೀವಿ" ಎಂದು ಗಂಡನನ್ನು ಒಂದು ಮಾತೂ ಕೇಳದೆ ಬೇಡಿಕೊಂಡುಬಿಟ್ಟಿದ್ದಳು. ಹೆಣ್ಣು ಕೂಸು ಹುಟ್ಟಿತು. ಇನ್ನು ಆ ಮನೆಯಲ್ಲಿ ಬಲು ಪ್ರೀತಿಯದು ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಐದು ಪಂದ್ಯ ಗೆದ್ದ ಕೆಂಪು ಹುಂಜ, ಹೆಸರು ಜಾಲು. ಕೂಸಿಗೆ ಜೋಲಿ ಕಟ್ಟುವ ಮೊದಲೇ ಪೊನಿಮಾನ್ ಅದಕ್ಕೆ ಬಿದಿರಿನ ಹೊಸ ಗೂಡು ಕಟ್ಟಿದ್ದ.

"ಬೆಟ್ಟಕ್ಕೇ ಮೋಸ ಮಾಡ್ತೀಯಾ?" ತರ್ಸೆಮಿ ಕೂಗಿದಳು.

"ಯಾಕೆ, ನಮ್ಮ ಮೂಲ ತಂದೆತಾಯಿ ಮಾಡಲಿಲ್ವಾ? ಇಪ್ಪತ್ತೈದು ಮಕ್ಕಳು ಕೊಟ್ಟರೆ ಕಡೇ ಮಗನ್ನ ನಿನಗೇ ಒಪ್ಪಿಸ್ತೀವಿ ಅಂತ ಇದೇ ಬೆಟ್ಟಕ್ಕೆ ಮಾತು ಕೊಟ್ಟು, ಆಮೇಲೆ ಆ ಮಗನ್ನ ಬಚ್ಚಿಡಲಿಲ್ವಾ? ನಾನೂ ಅವರ ವಂಶದೋನೇ!"

"ಬಚ್ಚಿಟ್ಟಿದ್ದಕ್ಕೆ ಬೆಟ್ಟ ಬೆಂಕಿ ಕಾರಿ ಆ ಕೂಸನ್ನ ಎಳ್ಕೊಂಡು ಹೋಯ್ತಲ್ಲ! ಆ ಅರ್ಧ ಕಥೆ ಹೇಳೋವಾಗ ನಿದ್ದೆ ಹೊಡೀತಿದ್ಯೇನು?"

ಜನ ಬಿದ್ದು ಬಿದ್ದು ನಕ್ಕರು. ತರ್ಸೆಮಿ ಸಿಟ್ಟಿನಿಂದ ಹುಂಜವನ್ನು ಬೇಕೆಂದೇ ಬಲಕ್ಕೆ ಎಸೆದಳು. ಪೊನಿಮಾನ್ "ಜಾಲೂ!" ಎಂದು ಕರೆದದ್ದೇ ತಡ, ಅದು ರೆಕ್ಕೆ ಬಡಿದು ಹೊಗೆಯಲ್ಲೇ ತಿರುಗಿ, ನೇರ ಅವನ ಬಲೆಗೆ ಬಂದು ಬಿತ್ತು. ಆರನೆಯ ಪಂದ್ಯ ಗೆದ್ದವನಂತೆ ಅವನು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ.

"ನೋಡಿದ್ಯಾ? ಬೆಟ್ಟಾನೇ ವಾಪಸ್ ಕೊಡ್ತು."

ತರ್ಸೆಮಿ ಈಗ ಬೈಯಲಿಲ್ಲ. ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸನ್ನು ಬಿಚ್ಚಿ ಮುಂದಕ್ಕೆ ತಂದು ಎದೆಗವಚಿಕೊಂಡಳು.

"ಸರಿ, ನನ್ನ ಪಾಲಿನ ಹರಕೆ ತೀರಿತು. ನನ್ನ ಕೈಯಾರೆ ಬಿಟ್ಟೆ," ಎಂದಳು. "ಇವಳು ನನ್ನೊಬ್ಬಳ ಕೂಸಾ?"

ಆಗ ಬೆಟ್ಟ ಒಳಗೊಳಗೇ ಗುಡುಗಿತು. ಅದು ದಿನಕ್ಕೆ ಹತ್ತು ಸಲ ಹಾಗೆ ಗುಡುಗುತ್ತದೆ, ನಾವ್ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಪೊನಿಮಾನ್ ಮಾತ್ರ ಬೆಚ್ಚಿಬಿದ್ದ. ಗಂಧಕದ ಹೊಗೆಗೆ ಕೂಸು ಎರಡು ಸಲ ಸೀನಿ ಮೂಗು ಕೆಂಪು ಮಾಡಿಕೊಂಡು ಅವನನ್ನೇ ನೋಡುತ್ತಿತ್ತು. ಮೂರು ತಿಂಗಳಿಂದ ಕಂಡ ಮುಖವೇ. ಆದರೂ ಇವಳಿಗೇನಾದರೂ ಆದರೆ ತಾನು ಉಳಿಯುವುದಿಲ್ಲವೆಂದು ಅವನಿಗೆ ಮೊದಲ ಸಲ ಅನ್ನಿಸಿತು.

ಅವನು ಅಂಚಿಗೆ ಹೋಗಿ ನಿಂತ. ಹುಂಜದ ಕತ್ತನ್ನು ಒಮ್ಮೆ ನೇವರಿಸಿದ. ದನಿ ಕೇಳಿ ಅದು ತಿರುಗಿ ಬಂದೀತೆಂದು ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಎಸೆದುಬಿಟ್ಟ.

ಜಾಲು ಹೊಗೆಯಲ್ಲಿ ಒಂದು ಸುತ್ತು ಹೊಡೆದು ಕರ್ತಿ ಅಜ್ಜಿಯ ಬಲೆಗೆ ಬಿತ್ತು. ಗಂಡ ಸತ್ತ ಮೇಲೆ ಒಬ್ಬಳೇ ಇರುವ ಆ ಮುದುಕಿಗೆ ಬೆಳಗಿನಿಂದ ಸಿಕ್ಕಿದ್ದು ಎರಡೇ ಎರಡು ಕೋಸು. ಹುಂಜದ ಭಾರಕ್ಕೆ ಅವಳು ಬೂದಿಯ ಮೇಲೆ ಕುಕ್ಕರಿಸಿದಳು. "ಯಪ್ಪಾ, ಎಂಥಾ ಹುಂಜ ಕೊಟ್ಟೆಯಪ್ಪಾ!" ಎಂದು ಬೆಟ್ಟಕ್ಕೆ ಕೈಮುಗಿದು ಬೊಚ್ಚುಬಾಯಿ ತುಂಬ ನಕ್ಕಳು.

"ಇನ್ನು ನಡಿ," ಎಂದಳು ತರ್ಸೆಮಿ, ಮೆತ್ತಗೆ. ಕೂಸನ್ನು ಅವನ ಕೈಗೆ ಕೊಟ್ಟಳು. ಪೊನಿಮಾನ್ ಊರ ಕಡೆಯ ಹತ್ತು ಮೆಟ್ಟಿಲು ಇಳಿದ. ಅಲ್ಲೇ ನಿಂತ. ಕೂಸನ್ನು ಎತ್ತಿಕೊಂಡೇ ದಡದಡನೆ ಮೇಲೆ ಹತ್ತಿ, ಬಗ್ಗಿ ಕೂಗಿದ:

"ಅಜ್ಜೀ! ಜೋಳ ನೆನೆಸಿ ಹಾಕು, ಒಣದು ಮುಟ್ಟಲ್ಲ! ರಾತ್ರಿ ಚಳಿಗೆ ಗೂಡಿನ ಮೇಲೆ ಗೋಣಿ ಹೊದಿಸು! ಬೆಳಗ್ಗೆ ಎದ್ದ ತಕ್ಷಣ ಒಂದೆರಡು ಮಾತಾಡಿಸು ಅಜ್ಜೀ... ಯಾರೂ ಮಾತಾಡಿಸದಿದ್ರೆ ಅದು ಕೂಗಲ್ಲ!"