ಕಳಚಿದ ಸೀಲು

"ಮೂರನೇ ಸಲ ಕಣ್ರೀ! ಇದು ನಿಮ್ಮ ಕೈಚಳಕ ಅಲ್ಲ ತಾನೇ?" ಮ್ಯಾನೇಜರ್ ಕಣ್ಣು ಕೆಂಪಗೆ ಮಾಡಿದರು.

ಅಣುವಿದ್ಯುತ್ ಸ್ಥಾವರದ ಇಂಧನ ಉಗ್ರಾಣದ ಬಾಗಿಲಲ್ಲಿ ಸೀಲು ಕಳಚಿ ಬಿದ್ದಿತ್ತು. ಬೀಗದ ಕೈ ಸ್ಟೋರ್‌ಕೀಪರನ ಸೊಂಟದಲ್ಲಿತ್ತು.

"ನಾನ್ಯಾಕೆ ಮುಟ್ಲಿ ಸಾರ್?" ಎಂದ ಆತ. ಒಳಗಿನ ಸಂತೋಷ ಮುಖದಲ್ಲಿ ಇಣುಕದಂತೆ ಹರಸಾಹಸಪಟ್ಟ.

ಇಂಧನ ಕೊಟ್ಟ ದೇಶದೊಂದಿಗಿನ ಒಪ್ಪಂದ ಖಡಾಖಂಡಿತವಾಗಿತ್ತು: ವಿದ್ಯುತ್ತಿಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಬಳಸುವಂತಿಲ್ಲ. ಸೀಲು ಭದ್ರವಾಗಿದ್ದರೆ ಯಾರೂ ಬರಬೇಕಿಲ್ಲ. ಕಳಚಿತೋ, ಅದನ್ನು ಹಾಕಿದವರೇ ಆ ದೇಶದಿಂದ ಬಂದು, ಎಲ್ಲವನ್ನೂ ಎಣಿಸಿ, ಕೈಯಾರೆ ಹೊಸದು ಹಾಕಬೇಕು.

ಅಂದರೆ ಪ್ರತಿ ಸಲ ಸೀಲು ಹಾಕುವ ಆ ದೇಶದ ತಪಾಸಣಾಧಿಕಾರಿ ಬರುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಆತನೆದುರು ಕೂತು ಚಹಾ ಕುಡಿದವಳು ಆಕೆ ಒಬ್ಬಳೇ. ಉಳಿದ ದಿನಗಳಲ್ಲಿ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಆತ ಟೇಬಲ್ ಫ್ಯಾನಿನ ಜೊತೆ ಮಾತಾಡುತ್ತಿದ್ದ. ಅದಾದರೂ ತಲೆ ಅಲ್ಲಾಡಿಸುತ್ತಿತ್ತು. ಆಕೆಯೂ ಒಂಟಿಯೇ. ಹೋಟೆಲ್ ಕೋಣೆಯ ಕೀಲಿಯೇ ನನ್ನ ಮನೆಯ ಕೀಲಿ ಎಂದು ಒಮ್ಮೆ ನಕ್ಕಿದ್ದಳು.

ಹೋದ ಸಲ ಅರ್ಧಕ್ಕೆ ಬಿಟ್ಟ ಚದುರಂಗದ ಮಣೆಯ ಧೂಳು ಒರೆಸಿದ. ಒಂದು ಕಾಯಿಯನ್ನೂ ಕದಲಿಸಲಿಲ್ಲ.

ಆಕೆ ಬಂದಳು. ಎಣಿಸಿದಳು. ಎಲ್ಲವೂ ಸರಿಯಿತ್ತು.

"ಇವರಿಗೆ ಇದೇ ಕೊನೇ ಅವಕಾಶ ಮೇಡಂ," ಮ್ಯಾನೇಜರ್ ಆಕೆಯೆದುರೇ ಹೇಳಿದರು. "ಇನ್ನೊಂದ್ಸಲ ಕಳಚಿದ್ರೆ ಕೆಲಸದಿಂದ ತೆಗೀತೀನಿ."

ಆಕೆಯ ಮುಖ ಬಿಳಿಚಿಕೊಂಡಿತು. ಮ್ಯಾನೇಜರ್ ಹೋದ ಮೇಲೂ ಚಹಾ ಮುಟ್ಟಲಿಲ್ಲ.

"ಆಟ ಮುಂದಿನ ಸಲಕ್ಕೆ ಇರ್ಲಿ," ಎಂದ ಆತ. ಪ್ರತಿ ಸಲ ಆಕೆಯೇ ಹೇಳುತ್ತಿದ್ದ ಮಾತು ಅದು.

"ಬೇಡ. ಇವತ್ತೇ ಮುಗಿಸಿಬಿಡೋಣ."

ಆತ ಮಣೆಯನ್ನು ಹತ್ತಿರ ಎಳೆದ. ಈಕೆಗೂ ತನ್ನ ಮೇಲೆ ಅನುಮಾನವೇ? ಕಾಯಿ ನಡೆಸಿದ. ಸೋತ. ಗೆದ್ದ ಆಕೆಯೂ ನಗಲಿಲ್ಲ.

ಬಾಗಿಲ ಕೊಂಡಿಗೆ ತಂತಿ ಪೋಣಿಸಿ ಆಕೆ ಸೀಲು ಕೂರಿಸತೊಡಗಿದಳು. ಇಕ್ಕಳದಿಂದ ತಂತಿಯನ್ನು ಮತ್ತೆ ಮತ್ತೆ ತಿರುಚಿದಳು.

"ನನ್ನ ಮೇಲೆ ನಂಬಿಕೆ ಇದೆಯಾ ಮೇಡಂ?" ಕೊನೆಗೂ ಕೇಳಿದ.

"ನಿಮ್ಮ ತಪ್ಪಿಲ್ಲ ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?" ಆಕೆ ತಲೆಯೆತ್ತಲಿಲ್ಲ. "ಇನ್ನು ಕಳಚಲ್ಲ ಬಿಡಿ."

ಕಾರು ಗೇಟು ದಾಟಿತು. ಆತ ಒಳಗೆ ಬಂದು, ಮುಂದಿನ ಸಲಕ್ಕೆಂದು ಕಾಯಿಗಳನ್ನು ಜೋಡಿಸಿಟ್ಟ.

ಹಿಂದಿನ ಮೂರು ಸಲವೂ ಬೇಕೆಂದೇ ಸಡಿಲ ಬಿಟ್ಟಿದ್ದ ತಂತಿಯನ್ನು ಆಕೆ ಇವತ್ತು ಕೊನೆಯ ಸುತ್ತಿನವರೆಗೂ ಬಿಗಿದಿದ್ದಳು.